ಗುಡಾಣದ ಬಾಯಿ

ಬೇರೆ ಮನೆಗಳಲ್ಲಿ ಹಿರಿಯ ಮಗನಿಗೆ ದ್ರಾಕ್ಷಿ ತೋಟ ಬರುತ್ತದೆ.
ನಮ್ಮಲ್ಲಿ ನಾಲಗೆ.
ಮುತ್ತಜ್ಜ ತಮಾದ, ಅಜ್ಜ ತಮಾದ, ಅಪ್ಪ ಗ್ರಿಗೋಲ್ ತಮಾದ.
ಕಾಖೇತಿಯ ಯಾವ ಮದುವೆಗೇ ಹೋಗಿ, ಯಾವ ಸಾವಿಗೇ,
ಮೇಜಿನ ತಲೆಗೆ ಕೂತ ತಮಾದ ಬಟ್ಟಲೆತ್ತಿ
ಮಾತು ತೆಗೆಯುವ ತನಕ
ಒಬ್ಬನೂ ತುಟಿ ಒದ್ದೆ ಮಾಡಿಕೊಳ್ಳುವ ಹಾಗಿಲ್ಲ.

ಅಂಥ ಮನೆಯಲ್ಲಿ ಹುಟ್ಟಿದ ನನ್ನಣ್ಣ ಮಾಲ್ಖಾಜ್,
ಉಗ್ಗ.

ಅವನ ನಾಲಗೆಯ ಕೆಳಗೆ ಬೆಣಚುಕಲ್ಲು ಇಟ್ಟರು.
ಇಗರ್ಜಿಯ ಗಂಟೆಯಲ್ಲಿ ನೀರು ತುಂಬಿ ಕುಡಿಸಿದರು.
ತೆಲಾವಿಯ ಡಾಕ್ಟರು ಹೆದರಿಕೆ ಅಂದರು.
ಚಿಕ್ಕಪ್ಪ ಅಂಬ್ರೋಸಿ ಸೋಮಾರಿತನ ಅಂದ.
ಅಮ್ಮ ಏನೂ ಅನ್ನಲಿಲ್ಲ,
ಬಸುರಿಯಲ್ಲಿ ತಾನು ತಿಂದದ್ದನ್ನೆಲ್ಲ
ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದಳು.
ಅಪ್ಪ ಮಾತ್ರ "ಬರುತ್ತೆ, ರಕ್ತದಲ್ಲಿದೆ" ಅನ್ನುತ್ತಿದ್ದ,
ರಸ ಹುದುಗಲಿ ಎಂದು ಕಾಯುವವನ ಹಾಗೆ.

ನನಗೋ, ಎಲ್ಲ ಬಾಯಿಪಾಠ.
ಅಡುಗೆಮನೆ ಬಾಗಿಲ ಹಿಂದೆ ಅಕ್ರೋಟು ಕುಟ್ಟುತ್ತ ಕಲಿತದ್ದು:
ಅಪ್ಪ ಎಲ್ಲಿ ನಿಲ್ಲಿಸುತ್ತಾನೆ, ಎಲ್ಲಿ ದನಿ ಇಳಿಸುತ್ತಾನೆ,
ಯಾವ ಮನೆಯವರ ಮುಂದೆ ಯಾವ ನಗೆಮಾತು ಆಡಬಾರದು.
ನಿನಗೆ ಬರುತ್ತಾ ಅಂತ ಯಾರೂ ಕೇಳಲಿಲ್ಲ.
ರುಚಿ ಹೇಗಿದೆ ಅಂತ
ಒರಳನ್ನು ಯಾರಾದರೂ ಕೇಳುತ್ತಾರೆಯೇ?

ಅಪ್ಪ ಸತ್ತ ನಲವತ್ತನೆಯ ದಿನ
ಅಂಗಳದಲ್ಲಿ ಎಂಬತ್ತು ಜನ, ಕುರಿಮಾಂಸದ ಅನ್ನ.
ಮೇಜಿನ ತಲೆಗೆ ಅಣ್ಣನನ್ನು ಕೂರಿಸಿದರು
ಅಪ್ಪನ ಕೋಟಿನಲ್ಲಿ. ತೋಳು ಎರಡು ಬೆರಳು ಉದ್ದ.
ಎದ್ದ. ರೊಟ್ಟಿಯ ಮೇಲೆ ವೈನ್ ಹನಿಸಿದ.
ನಮ್ಮ ಭಾಷೆಯಲ್ಲಿ ಅಪ್ಪನಿಗೆ ಮಾಮಾ ಅನ್ನುತ್ತೇವೆ.
ತುಟಿ ಎರಡೂ ಕೂಡಿ ಬಿಡಬೇಕು, ಅಷ್ಟೆ. ಹಸುಗೂಸೂ ಅನ್ನುತ್ತದೆ.
ಕೂಡಿದವು.
ಬಿಡಲಿಲ್ಲ.

ಮ್.
ನೊಣವೊಂದು ರೊಟ್ಟಿಯ ಮೇಲೆ ಕೂತು ಕೈಕಾಲು ತೊಳೆದುಕೊಂಡಿತು.
ಮ್.
ಯಾರೋ ಕೆಮ್ಮಿದರು. ಅಂಬ್ರೋಸಿ ತನ್ನ ತಟ್ಟೆ ನೋಡಿದ.
ಅಣ್ಣನ ಕುತ್ತಿಗೆಯ ನರ ಹಗ್ಗವಾಯಿತು.
ಅನ್ನದ ಹರಿವಾಣ ಹಿಡಿದು ನಿಂತಿದ್ದ ನಾನು
ಹೇಳಿಬಿಟ್ಟೆ.
ಪೂರ್ತಿ. ಅಪ್ಪನ ಏರಿಳಿತದಲ್ಲೇ.
ಗಂಡಸರು ಎದ್ದು ನಿಂತರು. ಮುದುಕರು ಅತ್ತರು.
"ಗ್ರಿಗೋಲನ ನಾಲಗೆ ಸತ್ತಿಲ್ಲ" ಅಂದರು,
ಆಮೇಲೆ ನನ್ನ ಸ್ಕರ್ಟು ನೋಡಿ
"ಗಂಡಾಗಿದ್ದಿದ್ದರೆ" ಅಂದರು.

ರಾತ್ರಿ ಪಾತ್ರೆ ತೊಳೆಯುವಲ್ಲಿಗೆ ಅಣ್ಣ ಬಂದ.
ಒಂದೇ ವಾಕ್ಯ. ಎಷ್ಟು ಹೊತ್ತು ಹಿಡಿಯಿತೆಂದು ಬರೆಯುವುದಿಲ್ಲ:
"ಹಲ್ಲಿನ ತನಕ ಬಂದಿತ್ತು."

ಅದಾಗಿ ಹನ್ನೊಂದು ವರ್ಷ. ಅವನೀಗ ಗುಡಾಣ ತೊಳೆಯುತ್ತಾನೆ.
ಹಗೇವಿನ ಹಾಗೆ ನೆಲದಲ್ಲಿ ಕತ್ತಿನವರೆಗೆ ಹೂತ ಮಣ್ಣಿನ ಗುಡಾಣ,
ಎತ್ತು ನಿಲ್ಲುವಷ್ಟು ಹೊಟ್ಟೆ, ಆಳು ತೂರುವಷ್ಟೇ ಬಾಯಿ.
ಚೆರ್ರಿ ತೊಗಟೆಯ ಬ್ರಶ್ಶು ಹಿಡಿದು ಇಳಿಯುತ್ತಾನೆ.
ಒಳಗೆ ಕೆಟ್ಟ ಗಾಳಿ; ಉಸಿರುಕಟ್ಟಿ ಹೋದವರಿದ್ದಾರೆ.
ಅದಕ್ಕೇ ನಿಯಮ: ಇಳಿದವನು ಮಾತಾಡುತ್ತಲೇ ಇರಬೇಕು,
ಮೇಲೊಬ್ಬರು ಹಗ್ಗ ಹಿಡಿದು ಕೇಳುತ್ತಲೇ ಇರಬೇಕು.
ದನಿ ನಿಂತರೆ ಎಳೆಯಬೇಕು.

ಊರಲ್ಲಿ ಕಿವಿಗೇನು ಬರವಿಲ್ಲ.
ಅವನು ನನ್ನನ್ನೇ ಕರೆಯುತ್ತಾನೆ. ಕಾರಣ ಹೇಳಿಲ್ಲ.
ಒಳಗಿಂದ ಬರುತ್ತದೆ: ನಾಯಿಮರಿ, ಡೀಸೆಲ್ ಬೆಲೆ,
ಅಂಬ್ರೋಸಿಯ ಮಂಡಿನೋವು.
ಉಗ್ಗು ಹಾಗೇ ಇದೆ, ಪವಾಡವೇನೂ ಆಗಿಲ್ಲ.
ಗುಡಾಣವೂ ಉಗ್ಗುತ್ತದೆ ಅಷ್ಟೆ,
ಪ್ರತಿ ತುಂಡನ್ನೂ ಇನ್ನೊಂದು ಸಲ, ಅವಸರವಿಲ್ಲದೆ.

ಇವತ್ತು ಸುಮ್ಮನಾದ.
ತೊಗಟೆ ಉಜ್ಜುವ ಸದ್ದೂ ನಿಂತಿತು.
ಬಗ್ಗಿದೆ. ಕತ್ತಲು.
ಮ್, ಅಂದನೋ, ಗಾಳಿಯೋ.
ಹಗ್ಗ ಅಂಗೈಯಲ್ಲಿ ಬೆವೆತಿದೆ.
ಅವನ ಮಾತು ಪೂರ್ತಿ ನನ್ನ ನಾಲಗೆಯ ತುದಿಯಲ್ಲಿದೆ,
ಕಚ್ಚಿ ಹಿಡಿದಿದ್ದೇನೆ.
ಒಂದು.
ಎರಡು.