ಬಿಡಿ ಮೊಳೆ

ಮುಳಗುಂದ ನಾಕಾದ ಹತ್ತಿರ ತಗಡಿನ ಮಾಡಿನ ಹಾಲು.
ನಲವತ್ತು ಮಂದಿ ಮಾಸ್ತರರು, ಅಕ್ಕೋರು,
ಹುಡುಗರ ಡೆಸ್ಕಿನಲ್ಲಿ ಮೊಣಕಾಲು ಹಿಡಿಸದೆ
ಓರೆಯಾಗಿ ಕೂತಿದ್ದೇವೆ.
ಐದು ದಿನದ ತರಬೇತಿ. ಇದು ಮೂರನೆಯದು.

ಮೆಹರುನ್ನಿಸಾ ಮೇಡಮ್ ಹೇಳುತ್ತಾರೆ:
ನಮ್ಮ ಅಕ್ಷರ ಕರೆದ ಹೆಸರಿಗೇ ಓಗೊಡುತ್ತದೆ,
ಕ ಅಂದರೆ ಕ.
ಇಂಗ್ಲಿಷಿನದಕ್ಕೆ ಹಾಜರಿಯಲ್ಲೊಂದು ಹೆಸರು,
ಓಣಿಯಲ್ಲೊಂದು.
ಈ ಡಬ್ಲ್ಯು ನೋಡಿರಿ, ಇಷ್ಟುದ್ದ ಹೆಸರಿನವ
ಬಾಯಿ ತೆರೆದರೆ ಬರೀ ವ.
ಮೊದಲು ದನಿ ಕಲಿಸಿರಿ, ಹೆಸರು ಆಮೇಲೆ.

ಬ್, ಬ್, ಬ್. ಡ್, ಡ್, ಡ್.
ಐವತ್ತು ದಾಟಿದ ತುಟಿಗಳು
ಕುದಿಯುವ ಸಾರಿನ ಹಾಗೆ.
ಮಕ್ಕಳು ಬಿ, ಡಿ ಅದಲುಬದಲು ಮಾಡಿದರೆ ಏನು ಮಾಡುತ್ತೀರಿ?
ಬಳಗಾನೂರ ಮಾಸ್ತರರು ಕಿಸೆ ತಟ್ಟಿಕೊಂಡರು:
“ಬಿ, ಡಿ ಕೂಡಿದ್ರ ಬೀಡಿ ಆತ್ರಿ ಮೇಡಮ್,
ಹೊರಗ ಹೋಗಿ ಬರ್ಲೇನ್ರಿ?
ಇನ್ನ ಎರಡ ವರ್ಷ ನೌಕರಿ, ನನ್ನ ಬಿಡ್ರಿ.”
ನಗು ತಗಡಿಗೆ ಬಡಿದು ಇಳಿಯಿತು.

ನಾನೂ ನಕ್ಕೆ. ನಗುತ್ತಲೇ ನೆನಪಾಯಿತು
ಹುಲಗಪ್ಪನ ನಾಲ್ಕು ಗೆರೆಯ ವಹಿ.
ನಾಯಿಯ ಚಿತ್ರದ ಕೆಳಗೆ ಡಾಗ್ ಬದಲು ಬಾಗ್,
ಎಡಕ್ಕಿರಬೇಕಾದ ಹೊಟ್ಟೆ ಬಲಕ್ಕೆ.
ಮೂರು ಸಲ ತಿದ್ದಿಸಿದೆ.
ನಾಲ್ಕನೆಯ ಸಲ ಹಾಳೆಗೆ ಕೆಂಪು ಗೀಟು,
ಕೈಗೊಂದು ಏಟು.
ಅಳಲಿಲ್ಲ ಅವನು. ಅಂಗೈಯನ್ನು
ಹಿಂದು ಮುಂದು ತಿರುಗಿಸಿ ನೋಡಿಕೊಂಡ.

ಚಹಾ ಆದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಹಾಳೆ.
ಕನ್ನಡದ್ದೇ ಕಥೆ, ಕನ್ನಡಿಯೊಳಗಿನದು.
ಅಕ್ಷರಗಳೆಲ್ಲ ನಮಗೆ ಬೆನ್ನು ಮಾಡಿ ನಿಂತಿವೆ.
ಒಂದು ನಿಮಿಷ. ಜೋರಾಗಿ ಓದಿರಿ.
ಅಷ್ಟು ದೊಡ್ಡವರು ಬೆರಳಿಟ್ಟು ತಡವರಿಸಿದರು,
ಒಬ್ಬರು ಸುಮ್ಮನೆ ಕನ್ನಡಕ ಒರೆಸಿದರು,
ಬಳಗಾನೂರ ಮಾಸ್ತರರು ಪಕ್ಕದವರ ಬಾಯಿ ನೋಡಿ
ಬಾಯಾಡಿಸಿದರು.

ನಾನು ಓದಿಬಿಟ್ಟೆ.
ಗಡಗಡ, ಕೊನೆಯ ಚುಕ್ಕಿಯವರೆಗೆ.
ಎಲ್ಲರೂ ತಿರುಗಿದರು. ಹೆಂಗ್ರಿ ಇದು? ಅಂದರು ಮೇಡಮ್.
ಏನು ಹೇಳಲಿ.

ಬೆಟಗೇರಿಯ ಪ್ರೆಸ್ಸಿನಲ್ಲಿ ಅಪ್ಪ ಕಂಪೋಜಿಟರ್.
ಸಾಲಿ ಬಿಟ್ಟ ಮೇಲೆ ಅವನೆದುರಿನ ಸ್ಟೂಲು ನನ್ನದು.
ಸೀಸದ ಮೊಳೆ, ಸೀಮೆ ಎಣ್ಣೆಯ ನಾತ,
ಅವನ ಕಿವಿಯ ಮೇಲೊಂದು ಬೀಡಿ.
ಇಂಗ್ಲಿಷ್ ಬಾರದವ ಇಂಗ್ಲಿಷ್ ಲಗ್ನಪತ್ರಿಕೆಯನ್ನು
ಒಂದು ತಪ್ಪಿಲ್ಲದೆ ಜೋಡಿಸುತ್ತಿದ್ದ.
“ಕಣ್ಣು ಮೋಸ ಮಾಡತಾವವ್ವಾ.
ಮೊಳೀ ಬೆನ್ನಿನ ಕಚ್ಚು ಹೆಬ್ಬಟ್ಟಿಗೆ ಹತ್ತಬೇಕು,
ಅದು ಸುಳ್ಳು ಹೇಳೂದಿಲ್ಲ.”
ಅಚ್ಚಾದ ಮೇಲೆ ಸಾಲು ಸಾಲನ್ನೂ ಬಿಡಿ ಮಾಡಿ
ಖಾನೆಗೆ ಹಾಕುವುದು ನನ್ನ ಪಾಲು.
ನಾನು ಓದು ಕಲಿತದ್ದೇ ಹಾಗೆ, ತಿರುಗಾಮುರುಗಾ.
ಮರೆಯಲಿಕ್ಕೆ ಒಂದು ಟಿಸಿಎಚ್
ಮತ್ತು ಇಪ್ಪತ್ತಾರು ವರ್ಷದ ಸರ್ವಿಸು ಹಿಡಿಯಿತು.

ಸೋಮವಾರ ಟ್ರಂಕಿನ ತಳದಿಂದ ಒಂದು ಮೊಳೆ ಒಯ್ದೆ.
ತಪ್ಪಾತು ಎಂದು ಹುಲಗಪ್ಪನಿಗೆ ಹೇಳಬೇಕೆಂದಿದ್ದೆ,
ಹೇಳಲಿಲ್ಲ. ಸ್ಟಾಂಪ್ ಪ್ಯಾಡು ತೆರೆದು ಮುಂದಿಟ್ಟೆ,
ಅವನ ಅವ್ವ ಪ್ರಗತಿಪತ್ರಕ್ಕೆ ಬೆರಳೊತ್ತುವ
ಅದೇ ನೇರಳೆ ಪ್ಯಾಡು.
ಒತ್ತಿದ. ಮೊಳೆ ನೋಡಿದ, ಹಾಳೆ ನೋಡಿದ,
ನಾನು ಬೇಡವೆನ್ನುವುದರೊಳಗೆ
ಹೆಬ್ಬಟ್ಟಿಗೂ ಒತ್ತಿಕೊಂಡ.
“ಅಕ್ಕೋರ, ಮೊಳ್ಯಾಗ ಬಿ ಐತಿ, ಹಾಳೀಮ್ಯಾಲ ಡಿ.
ಖರೇದು ಯಾವುದ್ರೀ?”

ಮಾಡ್ಯೂಲಿನಲ್ಲಿ ಇದು ಇರಲಿಲ್ಲ.
ಹಾಲಿನ ಗಂಟೆಯಾಯಿತು, ಓಡಿದ.

ತೊಳೆಯಲಿಟ್ಟ ಲೋಟಗಳ ಸಾಲಿನಲ್ಲಿ
ಒಂದರ ಮೈಮೇಲೆ ನೇರಳೆ ಹೆಬ್ಬಟ್ಟು,
ಗೆರೆಗಳ ನಡುವೆ ಪುಟ್ಟದೊಂದು ಹೊಟ್ಟೆ.
ಅಡುಗೆಯ ಕಾಶವ್ವ ನೀರು ಸುರಿಯಲು ಬಂದಳು.
“ತಡಿ,” ಅಂದೆ,
ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ.