ಅಡಿಬರಹ

ಎಸ್.ಪಿ. ರೋಡಿನ ಮೂರನೇ ಸಂದಿಯಲ್ಲಿ
ಭವರ್‌ಲಾಲನ ಅಂಗಡಿ. ಅಂಗಡಿಯೆಂದರೆ
ಒಂದು ಮೆಟ್ಟಿಲು, ಒಂದು ಬಲ್ಬು, ಗೋಣಿಚೀಲದ ತುಂಬ
ಯಾರದೋ ಕಾಲೇಜು ಪ್ರಾಜೆಕ್ಟುಗಳ ಅಸ್ಥಿ.
ಅದರೊಳಗಿಂದ ಎತ್ತಿಕೊಟ್ಟ,
ಇಸ್ಪೀಟೆಲೆಯಷ್ಟಗಲದ ಹಸಿರು ಹಲಗೆ.
"ಪೂರಾ ಕಂಪ್ಯೂಟರ್ ಸಾರ್ ಇದು, ಹದಿನಾಲ್ಕುನೂರು."
ಒಂಬೈನೂರಕ್ಕೆ ಇಳಿಸಿದೆ. ಗ್ಯಾರಂಟಿ ಕೇಳಿದ್ದಕ್ಕೆ ನಕ್ಕ:
"ನಂದೇ ಇಲ್ಲ, ಇದಕ್ಕೆ ಎಲ್ಲಿಂದ ತರ್ಲಿ?"

ಲಗ್ಗೆರೆ ಬಸ್ಸಿನಲ್ಲಿ ನಿಂತೇ ಬಂದೆ,
ಅಂಗಿಯ ಜೇಬಿಗೆ ಅಂಗೈ ಮುಚ್ಚಿ,
ಬೆಕ್ಕಿನ ಮರಿ ತಂದ ಹಾಗೆ.

ಮನೆಯಲ್ಲಿ ಅಕ್ಕ. ಸುಲೋಚನ.
ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಜಾ ಹೊಡೆಯುತ್ತಾಳೆ.
ನೂರು ಮಿಷನ್ನಿನ ನಡುವೆ ತಲೆನೋವಿಲ್ಲದೆ ಕೂರುವವಳು
ತಾನೊಬ್ಬಳೇ ಎಂದು ಕೈಯಲ್ಲಿ ಹೇಳಿ ನಗುತ್ತಾಳೆ.
ಟೀವಿಯ ಮುಂದೆ ಮಾತ್ರ ನಗುವುದಿಲ್ಲ.
ತುಟಿ ಓದುತ್ತಾಳೆ; ನಾಯಕ ಬೆನ್ನು ತಿರುಗಿಸಿದರೆ
ಕಥೆಯೂ ಬೆನ್ನು ತಿರುಗಿಸುತ್ತದೆ.
ಕೇಬಲ್ಲಿನವನನ್ನು ಕೇಳಿದ್ದೆ.
"ಅಕ್ಷರ ಬರೋದು ಇಂಗ್ಲಿಷಿಗೆ" ಅಂದಿದ್ದ.

ಸೋಪಿನ ಡಬ್ಬಿಗೆ ಕಾದ ಮೊಳೆಯಲ್ಲಿ ತೂತು ಸುಟ್ಟೆ.
ಗಂಧ, ಸುಟ್ಟ ಪ್ಲಾಸ್ಟಿಕ್ಕು, ಎರಡೂ ಸೇರಿ
ಮನೆಯೆಲ್ಲ ಒಂದು ವಿಚಿತ್ರ ಪೂಜೆಯ ವಾಸನೆ.
ಫೋನಿನ ಚಾರ್ಜರು ಸಾಲದೆ ಪರದೆಯ ಮೂಲೆಯಲ್ಲಿ
ಹಳದಿ ಮಿಂಚೊಂದು ಹೊಳೆದು ಹೊಳೆದು
ಹಸಿವು, ಹಸಿವು ಅಂದಿತು.
ಇನ್ನೂರೈವತ್ತು ಕೊಟ್ಟು ದಪ್ಪದೊಂದು ತಂದೆ.
ಕಾರ್ಡಿಗೆ ಬರೆದೆ, ಕರೆಂಟು ಹೋಯಿತು, ಮತ್ತೆ ಬರೆದೆ.
ಮಹಡಿಯ ಫಯಾಜ್ ವೈಫೈ ಪಾಸ್‌ವರ್ಡನ್ನು
ನಮ್ಮ ಗೋಡೆಗೆ ಪೆನ್ಸಿಲ್ಲಿನಲ್ಲಿ ಗೀಚಿ
"ಅಳಿಸ್ಬೇಡಿ, ನಂಗೂ ನೆನಪಿರಲ್ಲ" ಎಂದು ಹೋದ.

ಮದುವೆ ಕಾಗದ ಟೈಪು ಮಾಡುವ ಕೈ ನನ್ನದು.
ಅಂಗಡಿ ಮುಚ್ಚಿದ ಮೇಲೆ ಹನ್ನೊಂದು ರಾತ್ರಿ ಕೂತು
ಒಂದು ಹಳೆಯ ಸಿನಿಮಾದ ಮಾತೆಲ್ಲ ಬರೆದಿದ್ದೆ,
ಯಾವ ಕ್ಷಣಕ್ಕೆ ಹುಟ್ಟಿ ಯಾವ ಕ್ಷಣಕ್ಕೆ ಅಳಿಯಬೇಕೆಂದು
ಪ್ರತಿ ಸಾಲಿಗೂ ಮುಹೂರ್ತ ಇಟ್ಟು.

ಮೊದಲ ಸಲ ಹಚ್ಚಿದರೆ ಚೌಕ.
ಚೌಕ, ಚೌಕ, ಚೌಕ, ಕೊನೆಗೊಂದು ಪ್ರಶ್ನೆಚಿಹ್ನೆ.
ನಾಯಕಿ ಅಳುತ್ತ ಕೇಳಿದ್ದು ಅಷ್ಟೇ.
ಅಕ್ಕನ ಕೈ ಆಡಿತು: ಇವಳೂ ನನ್ನ ಹಾಗಾ?
ಫಾಂಟು ಹಾಕಿದೆ. ಅಕ್ಷರ ಬಂತು, ಒತ್ತು ಬರಲಿಲ್ಲ.
ಅಮ್ಮ ಒಡೆದು ಅಮ್‌ಮ ಆದಳು,
ಕಣ್ಣು ಕಣ್‌ಣು.
ನಡುರಾತ್ರಿ ದಾಟಿ, ಎಲ್ಲೋ ಒಂದು ಸಾಲು ಬದಲಿಸಿ
ಮತ್ತೆ ಹಚ್ಚಿದರೆ, ಎರಡನೆಯ ಮ
ಮೆಲ್ಲಗೆ ಕೆಳಗಿಳಿದು
ಮೊದಲನೆಯದರ ಕಾಲಬಳಿ ಕೂತಿತ್ತು.

ಭಾನುವಾರ ಅಕ್ಕ ಕೂತಳು.
ಮಡಿಲ ಕಡಲೆಪುರಿ ಮಡಿಲಲ್ಲೇ.
ಮಾತಷ್ಟೇ ಸಾಲದೆಂದು ಸದ್ದನ್ನೂ ಬರೆದಿದ್ದೆ, ಓರೆ ಅಕ್ಷರದಲ್ಲಿ:
ಬಾಗಿಲು ಕಿರುಗುಟ್ಟುತ್ತದೆ.
ದೂರದಲ್ಲಿ ನಾಯಿ ಬೊಗಳುತ್ತದೆ.

ನಿಲ್ಲಿಸು, ಎಂದಳು.
ಪರದೆಯಲ್ಲಿ ಕತ್ತಲೆ, ಒಂದು ಕಿಟಕಿ.
ಎಲ್ಲಿ ನಾಯಿ?
ಕಾಣಲ್ಲ, ಕೇಳಿಸುತ್ತೆ.
ನಮ್ಮ ಬೀದಿಯಲ್ಲೂ?
ದಿನಾ ರಾತ್ರಿ.
ಎಷ್ಟು ಹೊತ್ತಿಗೆ?
ಒಂದು, ಒಂದೂವರೆ. ಕಸದ ಗಾಡಿ ನಿಲ್ಲುವ ಮೂಲೆಯಿಂದ ಶುರು,
ಆಮೇಲೆ ಟ್ಯಾಂಕಿನ ಹತ್ತಿರದವು ಉತ್ತರ ಕೊಡುತ್ತವೆ.
ಅವಳ ಕೈಗಳು ಸ್ವಲ್ಪ ಹೊತ್ತು ಸುಮ್ಮನಿದ್ದವು.
ನಲವತ್ತೊಂದು ವರ್ಷ, ಎಂದವು ಆಮೇಲೆ,
ಒಬ್ಬರೂ ಹೇಳಲಿಲ್ಲವಲ್ಲ.

ಸಿನಿಮಾ ಮುಗಿಯಿತು. ನಾಯಕ ಸತ್ತನೋ ಬದುಕಿದನೋ
ಅವಳನ್ನು ಕೇಳಿದರೆ ಈಗಲೂ ಗೊತ್ತಿಲ್ಲ.

ಆ ರಾತ್ರಿ ಭುಜ ಹಿಡಿದು ಅಲುಗಿಸಿದಳು.
ಗಂಟೆ ಒಂದೂಕಾಲು. ಕಿಟಕಿಯ ಕಡೆ ಬೆರಳು:
ಈಗ?
ಎದ್ದು ಕೂತು ಕಿವಿಗೊಟ್ಟೆ.
ಫ್ಯಾನು. ರಿಂಗ್ ರೋಡಿನ ಲಾರಿ. ಫಯಾಜನ ಕೆಮ್ಮು.
ಬೀದಿದೀಪದ ಬೆಳಕಿಗೆ ಕೈ ಹಿಡಿದು ಹೇಳಿದೆ,
ಇನ್ನೂ ಇಲ್ಲ.
ಗೋಡೆಗೊರಗಿ ಕೂತೆವು ಇಬ್ಬರೂ,
ಸೋಪಿನ ಡಬ್ಬಿಯ ತೂತಿನಲ್ಲಿ ಕೆಂಪು ದೀಪ,
ನಾಯಿಗಾಗಿ ಕಾಯುತ್ತ.