ಬಾಡಿಗಿ ಮೂಗು

ಸಲೋಮಿ ಸಿಸ್ಟರ ಗಾಡಿ ನಾಕು ಹುಡುಗರು ತಳ್ಳಿಕೋತ
ನೌಬಾದಿನ ನನ್ನ ಶೆಡ್ಡಿಗಿ ತಂದರು.
ಎರಡೇ ಸೀಟು, ಕೆಂಪು, ಮೂತಿ ಉದ್ದ, ತಲಿ ಮ್ಯಾಲ ತಗಡಿಲ್ಲ.
ಎಂಬತ್ಮೂರನೇ ಇಸ್ವಿಗಿ ಆಸ್ಪತ್ರಿ ಲಿಲಾವಿನ್ಯಾಗ
ಎರಡು ಮಂಚ, ಒಂದು ಕೆಟ್ಟ ಫ್ರಿಜ್ಜಿನ ಜೋಡಿ ಕೂಗಿದ್ದರಂತ.
ಮಂಚ ಬ್ಯಾರೆಯವರು ಒಯ್ದರು.

"ಮಾಣಿಕಪ್ಪ, ಪೆಟ್ರೋಲ್ ವಾಸನಿ ಹೊಡೀಲತ್ತದ.
ಮನಿಮಂದಿ ಮುದುಕಿಗಿ ಭ್ರಮಿ ಅಂತಾರ.
ನೀ ಹೇಳು, ಬರ್ತದೋ ಇಲ್ಲೋ?"
ಬಾನೆಟ್ಟಿನ ಕೆಳಗ ತಲಿ ಹಾಕಿ ಉದ್ದಕ ಉಸಿರೆಳದೆ.
ಬರ್ತದ್ರಿ, ಅಂದೆ.
ಏನೂ ಬರಲಿಲ್ಲ.

ಕೊರೊನಾ ಒಯ್ದದ್ದು ಕೊರೊನಾದ ಜೋಡಿನೇ ಹೋತು:
ಒಗ್ಗರಣಿ, ನನ್ನದೇ ಬೆವರು,
ಮೊದಲ ಮಳಿಗಿ ಕೋಟಿ ಕಂದಕದ ಕೆಂಪು ಕಲ್ಲು,
ಎಣ್ಣಿ ಹಚ್ಚಿದ ಮೊಮ್ಮಗಳ ನೆತ್ತಿ.
ಯಾರಿಗೂ ಹೇಳಿಲ್ಲ. ಮೂಗಿಲ್ಲದ ಮಿಸ್ತ್ರಿಗಿ
ಗಾಡಿ ಯಾರು ಕೊಡ್ತಾರ?

ಬೆರಳವ ಅಲ್ಲ.
ಟಾಕಿಯಿಂದ ಕಾರ್ಬುರೇಟರ್ ತನಕ ಅಂಗಾತ ಮಲಗಿ
ನಳಿ ಹಿಡಕೊಂಡು ಹೋದೆ, ಕುರುಡ ಗ್ವಾಡಿ ಹಿಡದಂಗ.
ರಬ್ಬರು ಬ್ಯಾಸಗಿ ಹಿಮ್ಮಡಿಹಂಗ ಸೀಳಿತ್ತು,
ಹಿಚುಕಿದರ ಹಳೇ ಬೆಲ್ಲದಂಗ ಅಂಟಿತು.
ಈಗಿನ ಪೆಟ್ರೋಲಿನ್ಯಾಗ ಕಬ್ಬಿನ ಸ್ಪಿರಿಟು ಕೂಡಸ್ತಾರ,
ನಮ್ಮ ಭಾಲ್ಕಿ ಕಡಿ ಕಬ್ಬೇ ಇರಬೇಕು;
ಅರವತ್ತು ವರ್ಷದ ವಿಲಾಯತಿ ಹೊಟ್ಟಿಗಿ ಅದು ಪಚನ ಆಗಂಗಿಲ್ಲ.
ನಡುವಿನ ಕಬ್ಬಿಣದ ನಳಿ ಸೊಂಟದಾಗ
ಸೂಜಿ ಮೊನಿಯಷ್ಟು ಒದ್ದಿ.
ಬೆರಳು ತಣ್ಣಗಾತು. ಅಷ್ಟೇ ನನಗ ತಿಳಿದದ್ದು.

ಕೊಳತ ಪೆಟ್ರೋಲ್ ಡಬ್ಬಿಗಿ ಇಳಿಸಿದೆ. ಗೌಸು ಎತ್ತಿಕೊಂಡು
ಹಿತ್ತಲದ ಸುರಂಗ ಬಾವಿ ಕಡಿ ಹೊಂಟಿದ್ದ.
ಒದರಿದೆ ನೋಡ್ರಿ, ಎಂದೂ ಒದರಿಲ್ಲ ಹಂಗ!
ಕೆಳಗ ಕತ್ತಲದಾಗ ನೀರು ಹರೀತದಪ್ಪಾ,
ಯಾರ್ಯಾರ ಕೊಡಕ್ಕೋ ಹೋಗೋ ನೀರು.

ಮಗ್ಗಲ ಬಿದರಿ ಅಂಗಡಿ ಶಫಿಯುದ್ದೀನ
ತನ್ನ ಸಾಚಾದ ಮರಳು ಒಂದು ಬೊಗಸಿ ಕೊಟ್ಟ.
ಹೊಸ ತಾಮ್ರದ ನಳಿಗಿ ತುಂಬಿ, ಎರಡೂ ಬಾಯಿಗಿ ಬೂಚು ಬಡದು
ಮೊಣಕಾಲ ಮ್ಯಾಲ ಬಗ್ಗಿಸಿದೆ.
ಹೊಟ್ಟಿ ತುಂಬಿದ್ದು ಮಣೀತದ, ಖಾಲಿ ಇದ್ದದ್ದು ಮಡಚತದ.
ಆಮ್ಯಾಲ ಕೊಡವಿದೆ, ಊದಿದೆ, ಮತ್ತ ಊದಿದೆ.
ಒಂದು ಕಾಳು ಉಳಿದರ ಗಾಡಿ ನಡುರಸ್ತಾದಾಗ ಕೆಮ್ಮತದ.

ಸಿಸ್ಟರು ಸ್ಟೂಲಿನ ಮ್ಯಾಲ ಕುಂತು ನೋಡಲತ್ತಿದ್ದರು.
ಗಾಜಿನ ಫಿಲ್ಟರಿನ್ಯಾಗ ಒಂದು ಗುಳ್ಳಿ ನಿಂತಿತ್ತು.
ಎದ್ದು ಬಂದು ಉಗುರಿಲೆ ಟಣ್ ಅಂತ ಚಿಮ್ಮಿದರು,
ಗುಳ್ಳಿ ಮ್ಯಾಲೇರಿ ಹೋತು.
"ಮೂವತ್ತೊಂದು ವರ್ಷ ಇದೇ ಮಾಡೀನಿ" ಅಂದರು,
ಕರವಸ್ತ್ರ ನನ್ನ ಮೂಗಿಗಿ ಹಿಡದರು.
"ಇದು ಸೀಮಿಎಣ್ಣೋ, ಪೆಟ್ರೋಲೋ?"
ಪೆಟ್ರೋಲ್ರಿ.
"ನೀಲಗಿರಿ ಎಣ್ಣಿ."

ಗೌಸು ಪಾನಾ ಒರಸೋದು ನಿಲ್ಲಿಸಿದ.
"ಎಷ್ಟು ವರ್ಷ ಆತು?"
ನಾಕು.
ಚೀಟಿ ಬರೀಲಿಲ್ಲ, ಅಯ್ಯೋ ಅನ್ನಲಿಲ್ಲ.
"ಸ್ವಿಚ್ ಹಾಕು" ಅಂದರು.

ಪಂಪು ಟಕಟಕ ಬಡಕೊಂಡಿತು, ನಳಿ ತುಂಬಿತು, ಸುಮ್ಮನಾತು.
ಕುಂತೆವು. ಮತ್ತ
ಟಕ್.
ಎಲ್ಲೋ ಒಂದು ಹನಿ ಹೊರಗ ಹೊಂಟದ.
ಬೆರಳಿಗಿ ಸಿಗವಲ್ದು, ಎಲ್ಲಾ ಒಣಗಿದ್ದೇ.
ಸಿಸ್ಟರು ಚಷ್ಮಾ ತಗದು, ಸೆರಗು ಸೊಂಟಕ್ಕ ಸಿಗಸಿ,
ನಳಿ ಗುಂಟ ಬಗ್ಗಿ ಬಗ್ಗಿ ಬಂದರು,
ನಿದ್ದಿ ಹತ್ತಿದ ಕೂಸಿನ ಉಸಿರು ಕೇಳೋರಂಗ.
ಮೂರನೇ ಕ್ಲಿಪ್ಪಿಗಿ ನಿಂತರು.
"ಇಲ್ಲಿ. ಬಾಡಿಗಿ ಆಮ್ಯಾಲ ಕೊಡು."

ಸ್ಕ್ರೂ ಪಾವು ಸುತ್ತು ಬಿಗಿದೆ.
ಈಗ್ರಿ?
ಕಣ್ಣು ಮುಚ್ಚಿದ್ದರು. ಪಂಪು ಸುಮ್ಮನಿತ್ತು.
"ತಡಿ" ಅಂದರು.